ಗುಡ್ಡ ಇನ್ನೂ ಬಂದಿಲ್ಲ

"ಅಕ್ಕಾ, ಹಲ್ಲಿ ಯಾಕ ಜಾರಿ ಬೀಳೂದಿಲ್ಲ, ಹೇಳು ನೋಡೋಣ!"

ನನ್ನ ತಮ್ಮ ಮುರಿಗೆಪ್ಪ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಈ ಪ್ರಶ್ನೆ ಕೇಳಿದ. ನಾನು ನಮ್ಮೆರಡು ಮನೆಗಳ ನಡುವಿನ ಮೋಟುಗೋಡೆಯ ಈಚೆ ಕುಳಿತು ಶೇಂಗಾ ಆರಿಸುತ್ತಿದ್ದೆ. ಕಲ್ಲಿನ ಮೇಲೆಲ್ಲ ಸೋಪಿನ ನೊರೆ. ಮೊಣಕಾಲವರೆಗೆ ಪಂಚೆ. ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು. ಬೂಟಿನ ಕೆಳಗೆ ಬೆರಳು ದಪ್ಪದ ಬೂದು ಬಣ್ಣದ ಅಟ್ಟೆ.

"ಹಲ್ಲಿಗೆ ನಿನ್ನ ಹಾಂಗ ಹುಚ್ಚ ಇಲ್ಲ, ಅದಕ್ಕ," ಎಂದೆ.

"ಅದರ ಪಾದದಾಗ ಕೂದಲಕಿಂತ ಸಣ್ಣ ಕೂದಲ ಅದಾವು! ನಾನೂ ಹಂಗ ಮಾಡೀನಿ. ಈ ಅಟ್ಟಿ ನೆಲಾ ಹಿಡೀತಂದ್ರ ಆನಿ ಬಂದು ಜಗ್ಗಿದ್ರೂ ಬಿಡೂದಿಲ್ಲ. ನೋಡೀಗ!"

ಮುರಿಗೆಪ್ಪ ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿ, ಈಗ ಮನೆಯಲ್ಲಿ ಕುಳಿತು ಜಗತ್ತನ್ನು ರಿಪೇರಿ ಮಾಡುತ್ತಿದ್ದಾನೆ. ಹೋದ ವರ್ಷ ಅವನು ಮಾಡಿದ ರೊಟ್ಟಿ ಬಡಿಯುವ ಯಂತ್ರ ರೊಟ್ಟಿಯನ್ನು ಬಿಟ್ಟು ಅಡುಗೆಮನೆಯ ಗೋಡೆಯನ್ನು ಬಡಿದು, ಆ ಕಡೆಯಿಂದ ನಮ್ಮ ಮನೆಯೊಳಗೆ ಬಂದಿತ್ತು. ಮೋಟುಗೋಡೆ ಮೋಟಾದದ್ದು ಕೂಡ ಹಿಂದಿನ ಒಂದು ಪ್ರಯೋಗದಲ್ಲಿಯೇ. ಆದ್ದರಿಂದ ನಾನು ಶೇಂಗಾದ ಮೊರವನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.

ಅವನು ಕೈಗಳನ್ನು ಚಾಚಿ ಮುಂದಕ್ಕೆ ವಾಲಿದ. ಇನ್ನೂ ವಾಲಿದ. ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ, ಮೂಗು ನೆಲಕ್ಕೆ ಮೊಳ ದೂರ ಇರುವಷ್ಟು ವಾಲಿದ. ಬೀಳಲಿಲ್ಲ! ನಾನು ನಿಜವಾಗಿಯೂ ಚಪ್ಪಾಳೆ ತಟ್ಟಿದೆ.

"ಈಗ ಇಳದು ಬಾ."

"ಬಂದೆ," ಎಂದ. ಆದರೆ ಬರಲಿಲ್ಲ. ಒಂದು ಕಾಲು ಎಳೆದ, ಇನ್ನೊಂದು ಎಳೆದ. ಆಗ ಅವನ ಪಾದದಡಿಯಿಂದ ಒಬ್ಬ ಮುದುಕಿಯ ದನಿ ಕೇಳಿಸಿತು: "ನಿಂದ್ರೋ ತಮ್ಮಾ. ಜಾರತೈತಿ."

ನಾನು ಗೋಡೆಯಾಚೆ ಬಗ್ಗಿ ನೋಡಿದೆ. "ಯಾರೋ ಅದು?"

"ಅಟ್ಟಿ!" ಎಂದ, ವಾಲಿಕೊಂಡೇ, ಹೆಮ್ಮೆಯಿಂದ. "ಹಿಡಿಯೂದಷ್ಟ ಅಲ್ಲ, ದಾರೀನೂ ಹೇಳತೈತಿ. ಹೆಸರು ದಾರಿಬಲ್ಲ!"

"ಇದು ಮ್ಯಾಲಿನ ಹಟ್ಟಿ ಲಕ್ಕವ್ವನ ದನಿ ಅಲ್ಲೇನು?"

ಹೌದಂತೆ. ಅಟ್ಟೆಗಳಿಗೆಲ್ಲ ಬುದ್ಧಿ ಕೊಡುವ ಒಂದು 'ತಾಯಿ ಪೆಟ್ಟಿಗೆ' ಇದೆಯಂತೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮುರಿಗೆಪ್ಪ ಹೋದ ಮಳೆಗಾಲವಿಡೀ ಗಾಳಿಗುಡ್ಡದ ಕುರಿಗಾಹಿಗಳ ಹಿಂದೆ ಅಲೆದಿದ್ದ. ಅವರು ದಾರಿ ಕೇಳಿದವರಿಗೆ ಏನು ಹೇಳುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಮಂಜಿನಲ್ಲಿ ಹೇಗೆ ನಡೆಯುತ್ತಾರೆ, ಎಲ್ಲವನ್ನೂ ಪೆಟ್ಟಿಗೆ ಕೇಳಿಸಿಕೊಂಡು, ಲಕ್ಕವ್ವನ ದನಿಯ ಸಮೇತ ಕಲಿತಿತ್ತು. "ಗುಡ್ಡದ ದಾರಿ ಗುಡ್ಡದವರಿಗೇ ಗೊತ್ತು, ಅಕ್ಕಾ. ಅವರ ಬುದ್ಧಿನ ಅಟ್ಟಿಗೆ ಹಾಕೀನಿ!"

ಸೋಪಿನ ನೊರೆ ಒಣಗುವ ತನಕ ಅಟ್ಟೆ ಅವನನ್ನು ಬಿಡಲಿಲ್ಲ. ಅವನ ಹೆಂಡತಿ ನೀಲಾಂಬಿಕಾ ಶಾಲೆಯಿಂದ ಬಂದಳು, ವಾಲಿ ನಿಂತ ಗಂಡನನ್ನು ನೋಡಿದಳು, ಏನನ್ನೂ ಕೇಳದೆ ಒಳಗೆ ಹೋದಳು. ಚಹಾ ತಂದು, ಗಾಳಿಗೆ ಆರಬಾರದೆಂದು ಲೋಟದ ಮೇಲೆ ಬಸಿ ಮುಚ್ಚಿ, ಅವನ ಕೈಗೆ ಸರಿಯಾಗಿ ಎಟುಕುವಷ್ಟು ಬಗ್ಗಿ ಕೊಟ್ಟಳು. ಮೂವತ್ತು ವರ್ಷದ ಸಂಸಾರವನ್ನು ನಾನು ಆ ಬಸಿಯಲ್ಲಿ ನೋಡಿದೆ.

ಆಮೇಲೆ ಬೈದಳು, ಅದು ಬೇರೆ ಮಾತು.

* * *

ನೀಲಾ ನಮ್ಮೂರ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಟೀಚರ್. ಗಾಳಿಗುಡ್ಡದ ಓಟವೆಂದರೆ ಅವಳಿಗೆ ಜೀವ. ಆ ಓಟ ನಡೆಯುವುದು ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ. ಮದುವೆ ಇಲ್ಲದಿದ್ದರೆ ಶಾಮಿಯಾನದ ಅಂದಾನಪ್ಪನವರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಅಂದಾನಪ್ಪನವರೇ ಓಟದ ಕಮಿಟಿಯ ಅಧ್ಯಕ್ಷರು! ಹೀಗಾಗಿ ವರ್ಷದ ಅತಿ ಕೆಟ್ಟ ಹವೆಯಲ್ಲಿ, ಮಂಜು, ಜಿಟಿಜಿಟಿ ಮಳೆ, ಮನುಷ್ಯರನ್ನು ಹೊತ್ತುಕೊಂಡು ಹೋಗುವಂಥ ಗಾಳಿಯಲ್ಲಿ, ಊರಿನಿಂದ ಹೊರಟು ಮೂರು ಏರು ಹತ್ತಿ, ಗುಡ್ಡದ ನೆತ್ತಿಯಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಮೊದಲನೇ ಗಾಳಿಕಂಬವನ್ನು ಮುಟ್ಟಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಅಂದಾನಪ್ಪನವರು ಕಂಬದ ಮುಂದೆ ಕಟ್ಟಿದ ರಿಬ್ಬನ್ನು ಸುತ್ತಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಅಷ್ಟರೊಳಗೆ ಬಂದವರು ಬಂದಂತೆ.

ನೀಲಾ ಆ ಕಂಬವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮೊದಲ ಸಲ ಯಾವುದೋ ಹುಡುಗಿಯ ಬೂಟು ಕಿತ್ತುಹೋಯಿತೆಂದು ತನ್ನದನ್ನು ಬಿಚ್ಚಿ ಕೊಟ್ಟು ಮರಳಿದಳು. ಎರಡನೇ ಸಲ ಕಾಲಿನ ನರ ಹಿಡಿದುಕೊಂಡು ಕೂತಿದ್ದ ಒಬ್ಬರ ಮೀನಖಂಡ ತಿಕ್ಕುತ್ತ ಕೂತಳು. ಹೋದ ವರ್ಷ ಮಂಜಿನಲ್ಲಿ ದಾರಿ ತಪ್ಪಿ, ಕಮಿಟಿಯ ಜೀಪಿನಲ್ಲಿ ಶಾಮಿಯಾನದ ಗಳಗಳ ನಡುವೆ ಕುಳಿತು ಬಂದಳು. "ಸುರು ಮಾಡಿದ್ದನ್ನ ಮುಗಸಬೇಕು" ಎಂದು ತಾನೇ ಕಲಿಸಿದ ಹುಡುಗಿಯರು ರಸ್ತೆಯ ಬದಿಗೆ ನಿಂತು ನೋಡುತ್ತಿದ್ದರು. ಒಬ್ಬಳೂ ನಗಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತು.

ಈ ಸಲವೇ ಕೊನೆ. ಅರವತ್ತು ತುಂಬಿದವರನ್ನು ಕಮಿಟಿ ಓಡಲು ಬಿಡುವುದಿಲ್ಲ. ನೀಲಾಗೆ ಈ ಶ್ರಾವಣಕ್ಕೆ ಅರವತ್ತು.

"ಈ ಸಲ ಯಾರು ಬಿದ್ರೂ ತಿರುಗಿ ನೋಡೂದಿಲ್ಲ, ಅಕ್ಕಾರ," ಎಂದಳು ನನಗೆ, ಹಲ್ಲು ಕಚ್ಚಿ. "ದೇವರಾಣಿ! ಕಂಬಾ ಮುಟ್ಟೂತನಕ ನಾ ಯಾರ ಹೆಂಡ್ತೀನೂ ಅಲ್ಲ, ಯಾರ ಟೀಚರೂ ಅಲ್ಲ."

ನಾನು ಹೂಂ ಎಂದೆ. ಹೇಳುವಾಗಲೂ ಅವಳು ನನ್ನ ಮೊರದ ಹುಳುಕು ಶೇಂಗಾಗಳನ್ನು ಆರಿಸಿ ತೆಗೆಯುತ್ತಿದ್ದಳು.

ಆ ವರ್ಷ ಮಳೆ ಎಷ್ಟು ಜೋರಾಯಿತೆಂದರೆ, ಓಟವನ್ನೇ ರದ್ದು ಮಾಡಬೇಕೆಂದು ಕಮಿಟಿ ಕೂತಿತು. ಮುರಿಗೆಪ್ಪ ಎದ್ದು ನಿಂತು, "ಎಲ್ಲಾರಿಗೂ ನನ್ನ ಅಟ್ಟಿ ಅಂಟಸ್ರಿ. ಒಬ್ಬರೂ ಜಾರೂದಿಲ್ಲ, ಒಬ್ಬರೂ ದಾರಿ ತಪ್ಪೂದಿಲ್ಲ!" ಎಂದ. ಅಂದಾನಪ್ಪನವರು ಒಪ್ಪಿದರು. ಅಟ್ಟೆ ಇಲ್ಲದವರಿಗೆ ನಂಬರು ಇಲ್ಲ ಎಂದು ಮೈಕಿನಲ್ಲಿ ಸಾರಿಸಿದರು.

"ಅಂದ್ರ ನಾನೂ ಹಾಕ್ಕೋಬೇಕೇನು?" ಎಂದಳು ನೀಲಾ.

"ನಿನಗಂತನ ಮಾಡೀನಿ!" ಎಂದ ಮುರಿಗೆಪ್ಪ. "ಹೋದ ವರ್ಷ ನೀ ಜೀಪಿನ್ಯಾಗ ಬಂದಿ ನೋಡು, ಆವತ್ತ ರಾತ್ರೀನ ನಾ ಪೆಟ್ಟಿಗಿ ಸುರು ಮಾಡೀನಿ."

ಅವಳು ಒಳಗೆ ಹೋದಳು. ಬೂಟುಗಳನ್ನು ತಂದು ಅವನ ಮುಂದಿಟ್ಟಳು.

* * *

ಓಟದ ದಿನ ಬೆಳಿಗ್ಗೆ ಕಮಿಟಿಯ ಜೀಪು ನಮ್ಮನ್ನು ಗುಡ್ಡದ ನೆತ್ತಿಗೆ ತಂದು ಬಿಟ್ಟಿತು. ಅಂದಾನಪ್ಪನವರು, ಮುರಿಗೆಪ್ಪ, ತಾಯಿ ಪೆಟ್ಟಿಗೆ, ಮತ್ತು ಹಸಿಶುಂಠಿ ಚಹಾದ ದೊಡ್ಡ ಪಾತ್ರೆಯೊಂದಿಗೆ ನಾನು. ನನ್ನ ಚಪ್ಪಲಿಗೂ ತಮ್ಮ ಅಟ್ಟೆ ಅಂಟಿಸಿದ್ದ. ಅಂದಾನಪ್ಪನವರ ಬೂಟಿಗೂ.

ಅಲ್ಲಿ ಗುಡ್ಡವೇ ಇರಲಿಲ್ಲ. ಬಿಳಿ ಮಂಜು ಮಾತ್ರ. ತಲೆಯ ಮೇಲೆ ಎಲ್ಲಿಂದಲೋ ಗಾಳಿಕಂಬದ ಒಂದು ರೆಕ್ಕೆ ಮಂಜಿನಿಂದ ಇಳಿದು ಬಂದು, ನಮ್ಮನ್ನು ನೋಡಿ, ಮತ್ತೆ ಮಂಜಿನೊಳಗೆ ಏರಿ ಹೋಗುತ್ತಿತ್ತು. ಆಮೇಲೆ ಇನ್ನೊಂದು. ಯಾರೋ ದೊಡ್ಡವರು ನಿದ್ದೆಯಲ್ಲಿ ಉಸಿರಾಡಿದ ಹಾಗೆ ಅದರ ಸದ್ದು. ನಾನು ಶಾಮಿಯಾನದ ತಾಡಪತ್ರಿಯಡಿ ಕುಳಿತು, ತಾಯಿ ಪೆಟ್ಟಿಗೆಗೆ ಕಿವಿಗೊಟ್ಟೆ. ಓಡುವವರ ಮಾತು, ಉಸಿರು, ಅಟ್ಟೆಗಳ ಮಾತು, ಎಲ್ಲವೂ ಅದರಲ್ಲಿ ಕೇಳುತ್ತಿತ್ತು. ನಮ್ಮ ಮಾತು ಮಾತ್ರ ಅವರಿಗೆ ಕೇಳುತ್ತಿರಲಿಲ್ಲ. ಪೆಟ್ಟಿಗೆಗೆ ಕಿವಿ ಇಟ್ಟ ಮುರಿಗೆಪ್ಪ ಬಾಯಿ ಇಡುವುದನ್ನು ಮರೆತಿದ್ದ.

ಮೊದಲನೇ ಏರಿನಲ್ಲಿ ಎಲ್ಲ ಚೆನ್ನಾಗಿತ್ತು. ಕೆಸರಿನಲ್ಲಿ ಒಬ್ಬರೂ ಜಾರಲಿಲ್ಲ. ಮುರಿಗೆಪ್ಪ ಮೀಸೆ ತಿರುವಿದ.

"ಇನ್ನ ಎಷ್ಟು ದೂರ?" ಎಂದು ಯಾರೋ ಏದುಸಿರಿನಲ್ಲಿ ಅಟ್ಟೆಯನ್ನು ಕೇಳಿದರು.

"ಇಲ್ಲೇ ಐತಿ ಯಪ್ಪಾ!" ಎಂದಿತು ಅಟ್ಟೆ. "ಹಿಂಗ ತಿರುಗಿದ್ರ ಆತು."

ಇನ್ನೇನು ಬಂತೆಂದು ಎಲ್ಲರೂ ಜೀವ ಬಿಟ್ಟು ಓಡಿದರು. ತಿರುವು ಬಂತು, ಕಂಬ ಬರಲಿಲ್ಲ. ಮತ್ತೆ ಕೇಳಿದರು. "ಇಲ್ಲೇ! ಒಂದ್ ಎಲಿ ಅಡಕಿ ಹಾಕ್ಕೊಳ್ಳೂದ್ರಾಗ ಮುಟ್ಟತೀರಿ." ಮತ್ತೆ ಓಡಿದರು. ಗುಡ್ಡದವರು ದೂರವನ್ನು ಅಳೆಯುವುದಿಲ್ಲ, ಕೇಳಿದವರಿಗೆ ಧೈರ್ಯ ಹೇಳುತ್ತಾರೆ. ಪೆಟ್ಟಿಗೆಯೂ ಅದನ್ನೇ ಕಲಿತಿತ್ತು.

"ಆಗಿಂದ ಇಲ್ಲೇ ಇಲ್ಲೇ ಅನ್ನಾಕತ್ತೀಯಲ್ಲಬೇ, ಎಲ್ಲಿ?" ಎಂದು ಒಬ್ಬರು ಅಳುವ ದನಿಯಲ್ಲಿ ಕೂಗಿದರು.

"ಅಳಬ್ಯಾಡ. ಇಲ್ಲೇ."

ಅಂದಾನಪ್ಪನವರು ಮುರಿಗೆಪ್ಪನನ್ನು ನೋಡಿದರು. ಮುರಿಗೆಪ್ಪ ಮಂಜನ್ನು ನೋಡಿದ.

ಎರಡನೇ ಏರಿನ ಮೇಲೆ ದಾರಿ ಕುರಿಗಾಹಿಗಳ ಮೇಲಿನ ಹಟ್ಟಿಯ ನಡುವೆ ಹಾದುಹೋಗುತ್ತದೆ. ಅಲ್ಲಿ ಅಟ್ಟೆಗಳೆಲ್ಲ ಒಟ್ಟಿಗೆ ನೆಲ ಹಿಡಿದವು! ಮುಂದೆ ಓಡುತ್ತಿದ್ದ ಯಮನೂರ ಎಂಬ ಹುಡುಗ, ಮಿಲ್ಟ್ರಿಗೆ ಸೇರಲು ದಿನಾ ಬೆಳಿಗ್ಗೆ ಓಡುವವನು, ಲಕ್ಕವ್ವನ ಗುಡಿಸಿಲ ಮುಂದೆ ಬಾಗಿಲ ಕಂಬದ ಹಾಗೆ ನಿಂತ.

"ಬಾಗಿಲಿಗೆ ಬಂದು ಹಂಗ ಹೋಗಬಾರ್ದು," ಎಂದಿತು ಅಟ್ಟೆ. "ಮಜ್ಜಿಗಿ ಕುಡದು ಹೋಗು."

ಒಳಗಿನಿಂದ ಲಕ್ಕವ್ವ ಹೊರಬಂದದ್ದು ಪೆಟ್ಟಿಗೆಯಲ್ಲಿ ಸ್ಪಷ್ಟವಾಗಿ ಕೇಳಿತು.

"ಯಾರಬೇ ಅದು, ನನ್ನ ದನೀಲೆ ಮಾತಾಡಾಕಿ?"

"ನಾನಬೇ, ಲಕ್ಕವ್ವ!" ಎಂದಿತು ಅಟ್ಟೆ.

"ನೀ ಲಕ್ಕವ್ವಾದ್ರ ನಾ ಯಾರು?"

"ನೀನೂ ಬಾ. ಮಜ್ಜಿಗಿ ಕುಡದು ಹೋಗು."

"ನನ್ನ ಮನ್ಯಾಗ ನನಗ ಮಜ್ಜಿಗಿ ಕೊಡ್ತೀಯೇನ, ಹಾದೀ ಮಾರಿ!" ಲಕ್ಕವ್ವ ಕೋಲಿನಿಂದ ಯಮನೂರನ ಬೂಟಿಗೆ ಎರಡು ಕೊಟ್ಟಳು. "ಅವ್ವಾ, ಅದು ನನ್ನ ಕಾಲು!" ಎಂದು ಅವನು ಕೂಗಿದ. ಅಷ್ಟರಲ್ಲಿ ಅವನು ತೊಪ್ಪೆಯಾಗಿ ತೊಯ್ದಿರುವುದು ಅವಳ ಕಣ್ಣಿಗೆ ಬಿದ್ದಿರಬೇಕು. "ಅಯ್ಯ, ಯಾರ ಮಗನೋ ನೀನು! ನಿಂದ್ರು, ಮಜ್ಜಿಗಿ ಬಿಸಿ ಮಾಡಿ ಬಳ್ಳೊಳ್ಳಿ ಒಗ್ಗರಣಿ ಹಾಕಿ ಕೊಡ್ತೀನಿ."

ಅಟ್ಟೆ, ಲಕ್ಕವ್ವ ಇಬ್ಬರೂ ಒಪ್ಪಿದ್ದು ಅದೊಂದು ವಿಷಯದಲ್ಲಿ. ಹಿಂದೆ ಬಂದವರೆಲ್ಲ ಒಬ್ಬೊಬ್ಬರಾಗಿ ಹಟ್ಟಿಯ ಒಂದೊಂದು ಬಾಗಿಲಿಗೆ ಅಂಟಿ ನಿಂತರು. ನೀಲಾಳ ದನಿ ಕೇಳಿಸಿತು: "ಅಕ್ಕಾರ, ಕೇಳಾಕತ್ತೀರೇನು? ನಿಮ್ಮ ತಮ್ಮಗ ಹೇಳ್ರಿ, ಮನಿಗೆ ಬರ್ತೀನಲ್ಲ, ಆವಾಗ ಐತಿ!"

"ಬೈಯಾಕತ್ತಾಳ," ಎಂದೆ.

"ಅಂದ್ರ ದಾರಿ ತಪ್ಪಿಲ್ಲ," ಎಂದ ಮುರಿಗೆಪ್ಪ, ಸಮಾಧಾನದಿಂದ.

* * *

ಮಜ್ಜಿಗೆ ಕುಡಿದ ಮೇಲೆಯೇ ಅಟ್ಟೆಗಳು ಬಿಟ್ಟವು. ಮೂರನೇ ಏರು ಸುರುವಾಗುವಲ್ಲಿ ಮಂಜು ಇನ್ನೂ ದಟ್ಟವಾಯಿತು. ಆಗ ಎಲ್ಲಕ್ಕಿಂತ ದೊಡ್ಡ ಎಡವಟ್ಟು ಆಯಿತು. ಯಮನೂರನ ಅಟ್ಟೆ ಗಕ್ಕನೆ ನಿಂತು, ಹಿಂದಕ್ಕೆ ಕೂಗಿತು: "ಓ..."

ಗಾಳಿಗುಡ್ಡದ ಕುರಿಗಾಹಿಗಳಲ್ಲಿ ಒಂದು ಪದ್ಧತಿ ಇದೆ. ಮಂಜು ಬಿದ್ದಾಗ ಮುಂದಿನವರು 'ಓ' ಎನ್ನಬೇಕು. ಹಿಂದಿನವರು 'ಓ' ಎಂದು ಓಗೊಡಬೇಕು. ಆ ದನಿ ಕಿವಿಗೆ ಬೀಳುವ ತನಕ ಮುಂದಿನವರು ಹೆಜ್ಜೆ ಎತ್ತುವ ಹಾಗಿಲ್ಲ. ಬಿರುಗಾಳಿ ಬರಲಿ, ಸ್ವಂತ ಮದುವೆಯ ಮುಹೂರ್ತವೇ ಮೀರಲಿ, ಹಿಂದೆ ಉಳಿದವರು ಒಬ್ಬರಿದ್ದರೂ ಮುಂದೆ ಹೋಗುವಂತಿಲ್ಲ. ಗುಡ್ಡದಲ್ಲಿ ಒಂದು ಕುರಿಮರಿಯೂ ಕಳೆಯದೆ ಇರುವುದು ಹೀಗೆ.

ಓಟವೆಂದರೆ ಹಿಂದಿನವರನ್ನು ಬಿಟ್ಟು ಹೋಗುವುದು ಎಂದು ಪೆಟ್ಟಿಗೆಗೆ ಯಾರೂ ಹೇಳಿರಲಿಲ್ಲ!

ಯಮನೂರನ ಹಿಂದಿನವನು "ಓ" ಎಂದ. ಅವನ ಹಿಂದಿನವನು "ಓ" ಎಂದ. ಬಾವಿಯಿಂದ ಸಾಲಾಗಿ ನಿಂತವರು ಕೊಡವನ್ನು ಕೈಯಿಂದ ಕೈಗೆ ದಾಟಿಸಿದಂತೆ ಆ ದನಿ ಮಂಜಿನೊಳಗೆ ಹಿಂದಕ್ಕೆ, ಹಿಂದಕ್ಕೆ ಹೋಯಿತು. ಕೊನೆಯಲ್ಲಿ ಎಲ್ಲೋ ದೂರದಲ್ಲಿ, ಓಡುವುದಕ್ಕಿಂತ ಹೆಚ್ಚು ಕುಳಿತೇ ಬಂದಿದ್ದ ಬ್ಯಾಂಕಿನ ಸಾಹೇಬರು "ಓ ಅಂದೆ ನೋಡ್ರಪಾ" ಎಂದರು. ಆಗ ಎಲ್ಲರ ಅಟ್ಟೆಯೂ ಸಡಿಲಾಯಿತು. ಹತ್ತು ಹೆಜ್ಜೆ. ಮತ್ತೆ "ಓ..."

ಪೆಟ್ಟಿಗೆಯ ಪಕ್ಕ ಕಣ್ಣು ಮುಚ್ಚಿ ಕುಳಿತ ನನಗೆ ಯಾವುದು ಹತ್ತಿರ, ಯಾವುದು ದೂರ ತಿಳಿಯದಾಯಿತು. ಚಿಕ್ಕಂದಿನಲ್ಲಿ ನಾವು ಅಕ್ಕತಮ್ಮ ಕತ್ತಲೆಯಲ್ಲಿ ಎರಡು ಹಾಸಿಗೆಗಳಿಂದ 'ನಿದ್ದಿ ಬಂತೇನು' ಎಂದು ಕೇಳಿಕೊಳ್ಳುತ್ತಿದ್ದದ್ದು ನೆನಪಾಯಿತು.

"ಮುರಿಗೆಪ್ಪಾ!" ಅಂದಾನಪ್ಪನವರು ಗಡಿಯಾರ ತೋರಿಸಿದರು. "ಹನ್ನೊಂದಾತು. ಹಿಂಗಾದ್ರ ನಾಳೆ ಮುಟ್ಟತಾರ!"

"ಮುಂದಿನವನ ಅಟ್ಟ್ಯಾಗ ಒಂದು ತಿರುಪು ಸಡ್ಲ ಮಾಡಿದ್ರ ಆತು, ಎಲ್ಲಾ ಬಿಚ್ಚಿಕೋತಾವು," ಎಂದ ಮುರಿಗೆಪ್ಪ. ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡ, ಕೊಡೆ ಬಿಡಿಸಿದ. "ನೀಲಾ ಈ ಸಲ ಕಂಬಾ ಮುಟ್ಟಬೇಕು, ಅಕ್ಕಾ. ನನ್ನಿಂದನ ತಪ್ಪಬಾರ್ದು," ಎಂದು ಹೇಳಿ ಮಂಜಿನೊಳಗೆ ಇಳಿದ. ಎರಡು ಹೆಜ್ಜೆಗೆ ಅವನು ಇರಲಿಲ್ಲ. ಕೊಡೆ ಒಂದು ಕ್ಷಣ ಇತ್ತು. ಆಮೇಲೆ ಅದೂ ಇರಲಿಲ್ಲ.

* * *

ಹನ್ನೆರಡಕ್ಕೆ ಸ್ವಲ್ಪ ಮೊದಲು ಅವರು ಕಾಣಿಸಿಕೊಂಡರು.

ನಾನು ಬದುಕಿನಲ್ಲಿ ಅಂಥ ಓಟವನ್ನು ನೋಡಿಲ್ಲ. ಮೊದಲು ಮಂಜಿನ ಒಂದು ಭಾಗ ಸ್ವಲ್ಪ ಕಪ್ಪಾಯಿತು. ಅದು ಯಮನೂರನಾಯಿತು. ಅವನ ಹಿಂದೆ ಒಬ್ಬರು, ಅವರ ಹಿಂದೆ ಒಬ್ಬರು, ಎಲ್ಲರೂ ಹತ್ತು ಹೆಜ್ಜೆಗೊಮ್ಮೆ ನಿಂತು, ತಲೆ ಓರೆ ಮಾಡಿ ಹಿಂದಿನ ದನಿಗೆ ಕಾದು, ಮತ್ತೆ ಸದ್ದಿಲ್ಲದೆ ಮುಂದೆ ಬರುತ್ತಿದ್ದರು. ಮಳೆಯ ಹನಿಗಳು ಹುಬ್ಬಿನ ಮೇಲೆ ನಿಂತಿದ್ದವು. ಬೆಳಿಗ್ಗೆ ಊರಿನಲ್ಲಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದು ಹೊರಟವರು ಈಗ ಒಬ್ಬರ ಅಂಗಿಯ ತುದಿಯನ್ನು ಒಬ್ಬರು ಹಿಡಿದುಕೊಂಡಿದ್ದರು. ನೀಲಾ ನಡುವಿನಲ್ಲಿದ್ದಳು. ಅವಳ ಒಂದು ಕೈಯಲ್ಲಿ ಬ್ಯಾಂಕಿನ ಸಾಹೇಬರ ಕೈ! ಕೊನೆಯಲ್ಲಿದ್ದವರು ನಡುವಿಗೆ ಹೇಗೆ ಬಂದರು ಎಂದು ನಾನು ಕೇಳಲಿಲ್ಲ. ತಿರುಗಿ ನೋಡುವುದಿಲ್ಲ ಎಂದು ದೇವರಾಣೆ ಮಾಡಿದವಳಲ್ಲವೇ!

ರಿಬ್ಬನ್ನು ಹತ್ತೇ ಹೆಜ್ಜೆ ದೂರ. ಅಟ್ಟೆಗಳು ಕೂಗಿದವು: "ಓ..."

ಸಾಲಿನಲ್ಲಿದ್ದ ಎಲ್ಲರೂ ಓಗೊಟ್ಟರು. ಸಾಲು ಮುಗಿದ ಮೇಲೆ, ಕೆಳಗಿನಿಂದ, ಮಂಜಿನೊಳಗಿನಿಂದ ಇನ್ನೊಂದು ದನಿ ಬಂತು:

"ಓ..."

ಅಟ್ಟೆಗಳು ಬಿಡಲಿಲ್ಲ. "ಇನ್ನೊಬ್ಬರು ಬರಬೇಕು," ಎಂದವು. ಅಷ್ಟೂ ಪಾದಗಳಡಿಯಿಂದ ಅಷ್ಟೂ ಲಕ್ಕವ್ವರು!

"ಎಲ್ಲಾರೂ ಬಂದೀವಲ್ಲಬೇ!" ಎಂದು ಯಮನೂರ ಕೂಗಿದ.

ಅಂದಾನಪ್ಪನವರಿಗೆ ಹೊಳೆಯಿತು. "ಅಯ್ಯ, ಅದು ಎದುರಿನ ಬಂಡಿಗಲ್ಲು! ಹುಡುಗರು ಬಂದು ತಮ್ಮ ಹೆಸರು ಕೂಗಿ ಕೇಳ್ತಾರಲ್ಲ, ಆ ಬಂಡಿ. ನಮ್ಮ ದನಿ ನಮಗ ಮರಳಿ ಬರಾಕತ್ತೈತಿ. ಹುಚ್ಚ ಅಟ್ಟಿ ಅದನ್ನೂ ಮನಷ್ಯಾ ಅಂತ ತಿಳದೈತಿ!"

ಎಲ್ಲರೂ ನಕ್ಕರು. ನಾನು ಚಹಾದ ಲೋಟ ಹಿಡಿದು ಅವರ ಕಡೆ ಹೊರಟರೆ ನನ್ನ ಚಪ್ಪಲಿಯೂ ನೆಲ ಹಿಡಿಯಿತು. ಅಂದಾನಪ್ಪನವರು ಕಾಲು ಎಳೆದರು, ಅವರೂ ಅಂಟಿದ್ದರು.

"ಬೂಟು ಬಿಚ್ಚಿ ಬರಿಗಾಲ್ಲೆ ಹೋದ್ರ ಆತಲ್ಲ!" ಎಂದಳು ನೀಲಾ. ಅವಳು ಆಗಲೇ ಲಾಡಿ ಬಿಚ್ಚುತ್ತಿದ್ದಳು. ಬೂಟಿನಿಂದ ಕಾಲು ಹೊರಗೆ ತೆಗೆದಳು. ಮುಂದೆ ನುಣುಪಾದ ಹಾಸುಬಂಡೆ, ಅದರಾಚೆ ರಿಬ್ಬನ್ನು, ಅದರಾಚೆ ಕಂಬ. ಹತ್ತು ಹೆಜ್ಜೆ. ಅವಳ ಮುಖದಲ್ಲಿ ನಾನು ಆಗ ಕಂಡದ್ದು ಹತ್ತು ವರ್ಷದ ಹುಡುಗಿಯನ್ನು.

ಅಟ್ಟೆಗಳು ಮತ್ತೊಮ್ಮೆ "ಓ..." ಎಂದವು.

"ಓ..." ಎಂದಿತು ಮಂಜು. ಆಮೇಲೆ, "ಆಕ್ಷೀ! ಆಕ್ಷೀ! ಆಕ್ಷೀ! ಶಿವಶಿವಾ..." ಎಂದಿತು.

"ನಮ್ಮಾಗ ಯಾರರ ಸೀನಿದ್ರೇನು?" ಎಂದು ಬ್ಯಾಂಕಿನ ಸಾಹೇಬರು ಮೆಲ್ಲಗೆ ಕೇಳಿದರು. ಯಾರೂ ಸೀನಿರಲಿಲ್ಲ.

"ಬಂಡಿ ಮೂರು ಸಲ ಸೀನಿ ಶಿವಶಿವಾ ಅಂತೈತೇನ್ರಿ?" ಎಂದಳು ನೀಲಾ. ಅವಳ ದನಿ ಬದಲಾಗಿತ್ತು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಮೂರು ಸೀನು, ಒಂದು ಶಿವಶಿವಾ ಕೇಳಿದವಳು ಅವಳು.

"ಹನ್ನೆರಡಕ್ಕ ಐದು ನಿಮಿಷ ಐತ್ರಿ, ಟೀಚರ," ಎಂದರು ಅಂದಾನಪ್ಪನವರು. "ಮುಟ್ಟಿ ಹೋಗ್ರಿ. ಹತ್ತು ಹೆಜ್ಜಿ."

ನೀಲಾ ಕಂಬವನ್ನು ನೋಡಿದಳು. ಆ ಹೊತ್ತಿಗೆ ಸರಿಯಾಗಿ ರೆಕ್ಕೆಯೊಂದು ಮಂಜಿನಿಂದ ಇಳಿದು ಬಂದು, ಅವಳ ತಲೆಯ ಮೇಲೆ ಹಾದು, ಮೇಲೆ ಹೋಯಿತು.

"ದನಿ ನಡುಗಾಕತ್ತೈತ್ರಿ," ಎಂದಳು. "ಆ ಮನಷ್ಯಾಗ ಥಂಡಿ ತಡಿಯೂದಿಲ್ಲ." ತಿರುಗಿದಳು.

"ಟೀಚರ, ಕೆಳಗ ಮುಳ್ಳ ಅದಾವು!" ಯಮನೂರ ಬಗ್ಗಿ ತನ್ನ ಬೂಟಿನಿಂದ ಕಾಲು ತೆಗೆದು, ದಪ್ಪ ಉಣ್ಣೆಯ ಕಾಲುಚೀಲಗಳನ್ನು ಹಿಂಡಿ ಅವಳಿಗೆ ಕೊಟ್ಟ. ಅವಳು ಅವನ್ನು ಹಾಕಿಕೊಂಡು ಮಂಜಿನೊಳಗೆ ಇಳಿದಳು. "ಓ ಅನ್ರೀ!" ಎಂದು ಅವಳು ಕೂಗುವುದು ಕೇಳಿಸಿತು. "ಓ..." "ಇನ್ನೊಮ್ಮಿ ಅನ್ರೀ!" "ಓ ಅಂದ್ನಲ್ಲ, ಎಷ್ಟ ಸಲ ಅನ್ಲಿ!"

ದೇವರೇ, ಆ ಗಂಡಹೆಂಡಿರ ಜಗಳ ಅಷ್ಟು ಇಂಪಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

* * *

ಅವಳು ಅವನನ್ನು ಬೆನ್ನ ಮೇಲೆ ಹೊತ್ತು ತಂದಳು. ಕೊರಕಲಿನಲ್ಲಿ ಜಾರಿ ಬಿದ್ದು ಅವನ ಕಾಲಿನ ಹರಡು ಉಳುಕಿತ್ತು. ಕೊಡೆ ಮಾತ್ರ ಬಿಟ್ಟಿರಲಿಲ್ಲ. ಅದು ಮೇಲುಕೆಳಗಾಗಿ ತಿರುಗಿ ಹೂವಿನ ಹಾಗೆ ಅರಳಿತ್ತು.

"ಜಾರಿ ಬಿದ್ರೇನು? ನೀವು?" ಎನ್ನುತ್ತಿದ್ದಳು ನೀಲಾ, ಏದುಸಿರು ಬಿಡುತ್ತ. "ಊರಿಗೆಲ್ಲಾ ಅಟ್ಟಿ ಅಂಟಿಸಿ ನೀವ್ಯಾಕ ಹಾಕ್ಕೊಳ್ಳಿಲ್ಲ?"

"ನನಗ ಅವಸರ ಇತ್ತ," ಎಂದ ಮುರಿಗೆಪ್ಪ ಅವಳ ಹೆಗಲ ಮೇಲಿಂದ. "ಅದು ಓಡಾಕ ಬಿಡೂದಿಲ್ಲ."

"ನಿಮ್ಮ ಸಲವಾಗಿ ಹನ್ನೆರಡಾಗಿ ಹೋತು, ಗೊತ್ತೇನು?"

ಅವನು ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದ. ಮೇಲುಕೆಳಗಾದ ಕೊಡೆ, ಅದರಲ್ಲಿ ತುಂಬಿದ್ದ ನೀರೆಲ್ಲ ಅವಳ ಮೇಲೆ ಸುರಿಯಿತು. ಆದರೂ ಹಿಡಿದದ್ದಂತೂ ನಿಜ.

ಅವರು ಬಂದಾಗ ಓಟಗಾರರೆಲ್ಲ ಇದ್ದಲ್ಲೇ ನಿಂತಿದ್ದರು. ಹತ್ತು ಹೆಜ್ಜೆ ಆಚೆ ರಿಬ್ಬನ್ನು ಹಾಗೇ ಇತ್ತು.

"ಯಾಕ, ನೀವು ಮುಟ್ಟಲಿಲ್ಲ?" ನೀಲಾ ಬೆರಗಾದಳು.

"ಲಾಡಿ ನೆನದು ಗಂಟ ಬಿಗದಾವ್ರಿ, ಟೀಚರ. ಬಿಚ್ಚಾಕ ಬರವಲ್ದು," ಎಂದ ಯಮನೂರ. ಅವನು ಬರಿಗಾಲಿನಲ್ಲಿ ನಿಂತಿದ್ದ. ಅವನ ಹಿಂದಿನವನೂ ಬರಿಗಾಲಿನಲ್ಲಿ ನಿಂತು, "ನಂದೂ ಹಂಗ ಆಗೇತ್ರಿ," ಎಂದ. ಬ್ಯಾಂಕಿನ ಸಾಹೇಬರು ಬರಿಗಾಲನ್ನು ಇನ್ನೊಂದು ಬರಿಗಾಲಿನ ಹಿಂದೆ ಮರೆಮಾಡಲು ನೋಡಿದರು.

ನೀಲಾ ಅಂದಾನಪ್ಪನವರ ಕಡೆ ತಿರುಗಿದಳು. "ಟೈಮ ಎಷ್ಟ್ರೀ?"

ಅಂದಾನಪ್ಪನವರು ಗಡಿಯಾರವನ್ನು ನೋಡಿದರು. ಕಿವಿಗೆ ಹಿಡಿದರು. ನಾನು ಬಗಲಲ್ಲೇ ಇದ್ದೆ; ಅದು ಟಿಕ್ ಟಿಕ್ ಎನ್ನುತ್ತಿತ್ತು. "ನೀರು ಹೊಕ್ಕು ನಿಂತೈತಿ ನೋಡ್ರಿ," ಎಂದು ಅದನ್ನು ಕಿಸೆಗೆ ಹಾಕಿಕೊಂಡರು. "ಹನ್ನೆರಡಕ್ಕ ಐದು ನಿಮಿಷ ಇದ್ದಾಗ ನಿಂತೈತಿ. ಇನ್ನೂ ಐದು ನಿಮಿಷ ಐತಿ ಅಂತ ಲೆಕ್ಕ."

ನೀಲಾ ಓಡಿದಳು. ಬೆನ್ನ ಮೇಲೆ ಗಂಡ, ಕಾಲಿಗೆ ಯಾರದೋ ಕಾಲುಚೀಲ, ಎದುರಿಗೆ ಆಷಾಢದ ಗಾಳಿ. ಹಿಂದೆ ಅಷ್ಟೂ ಜನ ಬರಿಗಾಲಿನಲ್ಲಿ ಧಬಧಬ ಓಡಿದರು. ರಿಬ್ಬನ್ನು ಫಟ್ಟನೆ ಹರಿಯಿತು. ಅವಳು ಎರಡೂ ಅಂಗೈಗಳನ್ನು ಒದ್ದೆ ಕಂಬಕ್ಕೆ ಇಟ್ಟು, ಹಣೆಯನ್ನೂ ಇಟ್ಟು, ಹಾಗೇ ನಿಂತಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವಳು ಅತ್ತಳೋ ನಕ್ಕಳೋ ಯಾರಿಗೂ ಕಾಣಲಿಲ್ಲ. ಮಂಜು ಕೂಡ ಕೆಲವು ಸಲ ಮರ್ಯಾದಸ್ಥರ ಹಾಗೆ ನಡೆದುಕೊಳ್ಳುತ್ತದೆ.

"ನೋಡ್ರಿ," ಎಂದ ಮುರಿಗೆಪ್ಪ ಬೆನ್ನ ಮೇಲಿಂದ, "ರಿಬ್ಬನ್ನಿಗೆ ಮೊದಲ ಮುಟ್ಟಿದ್ದು ನನ್ನ ಕೊಡಿ. ನ್ಯಾಯಾ ನೋಡಿದ್ರ ಮೊದಲನೇ ನಂಬರು ನಂದು!"

"ಕೆಳಗ ಇಳೀರಿ!" ಎಂದಳು ನೀಲಾ.

ಕಮಿಟಿಯವರು ಬಹಳ ಹೊತ್ತು ಚರ್ಚೆ ಮಾಡಿ ಮೊದಲನೆಯ ಬಹುಮಾನದ ಕಪ್ಪನ್ನು ನೀಲಾಗೆ ಕೊಟ್ಟರು. ಅವಳು ಅದನ್ನು ಯಮನೂರನಿಗೆ ಕೊಟ್ಟಳು. ಅವನು ಬೇಡವೆಂದ. ಹಾಗೆ ಕೈಯಿಂದ ಕೈಗೆ ಹೋಗಿ ಆ ಕಪ್ಪು ಈಗ ಲಕ್ಕವ್ವನ ಗುಡಿಸಿಲಲ್ಲಿದೆ. ಅದರಲ್ಲಿ ಅವಳು ಮಜ್ಜಿಗೆ ಕೊಡುತ್ತಾಳೆ.

ನಾವೆಲ್ಲ ಚಹಾ ಕುಡಿದು, ಬೂಟು ಹಾಕಿಕೊಳ್ಳಲು ಹಿಂದಿರುಗಿದೆವು. ಎಲ್ಲರೂ ಬಂದಾಗಿದೆ, 'ಇನ್ನೊಬ್ಬರು' ಕೂಡ ಬಂದಾಗಿದೆ, ಅಟ್ಟೆಗಳು ಬಿಡಬೇಕು. ಅಟ್ಟೆಗಳು ಖಾಲಿ ಬೂಟುಗಳಡಿಯಿಂದ ಒಟ್ಟಾಗಿ "ಓ..." ಎಂದವು.

ನಾವೆಲ್ಲ ಉಸಿರು ಹಿಡಿದೆವು. ಮುರಿಗೆಪ್ಪ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡ.

ಎದುರಿನ ಬಂಡೆ, ಮಂಜಿನೊಳಗಿನಿಂದ, ನಿಧಾನವಾಗಿ, "ಓ..." ಎಂದಿತು.

"ಇನ್ನೊಬ್ಬರು ಬರಬೇಕು," ಎಂದವು ಅಟ್ಟೆಗಳು.

ಜಗ್ಗಿದೆವು, ಹಾರೆ ಹಾಕಿ ಮೀಟಿದೆವು, ಮರುದಿನ ಟ್ರ್ಯಾಕ್ಟರು ತಂದು ಎಳೆಸಿದೆವು. ಟ್ರ್ಯಾಕ್ಟರಿನ ಕೊಂಡಿ ಕಿತ್ತಿತು. ಮುರಿಗೆಪ್ಪನ ತಿರುಪು ಇದ್ದದ್ದು ಅಟ್ಟೆಯ ಕೆಳಗಡೆ, ನೆಲಕ್ಕೆ ಅಂಟಿದ ಕಡೆ! ಬೂಟುಗಳು ಇಂದಿಗೂ ಅಲ್ಲೇ ಸಾಲಾಗಿ ನಿಂತಿವೆ. ಕೆಲವದರಲ್ಲಿ ಹುಲ್ಲು ಬೆಳೆದಿದೆ, ಒಂದರಲ್ಲಿ ಹಕ್ಕಿ ಮರಿ ಮಾಡಿದೆ. ಮಂಜು ಬಿದ್ದ ದಿನ ಅವು ಕೂಗುತ್ತವೆ, ಗುಡ್ಡ ಓಗೊಡುತ್ತದೆ. ದಾರಿ ತಪ್ಪಿದ ಕುರಿಗಾಹಿಗಳು ಆ ದನಿ ಹಿಡಿದು ಕಂಬದ ಹತ್ತಿರ ಬಂದು ಸೇರುತ್ತಾರಂತೆ. ಹೀಗಾಗಿ ತೆಗೆಯುವುದು ಬೇಡವೆಂದು ಹಟ್ಟಿಯವರೇ ಹೇಳಿದ್ದಾರೆ.

"ಯಂತ್ರದ್ದು ಏನೂ ತಪ್ಪಿಲ್ಲ, ಅಕ್ಕಾ," ಎನ್ನುತ್ತಾನೆ ನನ್ನ ತಮ್ಮ. "ಗುಡ್ಡ ಓ ಅಂದೈತಿ, ಅಂದ್ರ ಹೊಂಟೈತಿ. ಬಂದು ಮುಟ್ಟಿದ ಕೂಡ್ಲೇ ನಿನ್ನ ಚಪ್ಪಲಿ ಬಿಡ್ತಾವು."

ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ಇಲ್ಲೇ ಇದೆ, ಬಂದೇಬಿಡುತ್ತದೆ ಎಂದ. ನಾನು ಹೊಸ ಚಪ್ಪಲಿ ತಂದುಕೊಂಡಿದ್ದೇನೆ.